ಗುರುವಿನ ಗದ್ಯ, ಶಿಷ್ಯನ ಗದ್ಯ: ಹೊರನಾಡಿನ ವಾಚನಪಟ್ಟಿಯನ್ನು ಕುರಿತು

ಕರ್ನಾಟಕದ ಹೊರಗೆ ಕನ್ನಡವನ್ನು ಕಲಿಸುವ ಅಧ್ಯಾಪಕರು ಪಠ್ಯದ ಆಚೆಗೆ ಓದಬೇಕಾದ ಪುಸ್ತಕಗಳನ್ನು ಸೂಚಿಸುವಾಗ ಸಾಮಾನ್ಯವಾಗಿ ಕಾದಂಬರಿ, ಸಣ್ಣಕತೆ, ಕವನ ಸಂಕಲನಗಳ ಹೆಸರನ್ನೇ ಮುಂದಿಡುತ್ತಾರೆ. ಆತ್ಮಕಥನ, ಪ್ರವಾಸಕಥನ, ವಿಜ್ಞಾನ ಬರಹ, ಶಿಕ್ಷಣಚಿಂತನೆ ಮೊದಲಾದವು ಪಟ್ಟಿಯ ಕೊನೆಯಲ್ಲಿ, ಸ್ಥಳವಿದ್ದರೆ, ಬರುತ್ತವೆ. ಈ ಬರವಣಿಗೆಗೆ ನಮ್ಮ ವಿಮರ್ಶೆ ಕೊಟ್ಟಿರುವ 'ಸೃಜನೇತರ' ಎಂಬ ಹೆಸರೇ ನಿಷೇಧಾತ್ಮಕವಾದದ್ದು. ಅದು ಏನಲ್ಲ ಎಂಬುದನ್ನು ಆ ಹೆಸರು ಹೇಳುತ್ತದೆ, ಏನು ಎಂಬುದನ್ನು ಹೇಳುವುದಿಲ್ಲ. ಹೀಗಾಗಿ ಇಂಥ ಪುಸ್ತಕಗಳನ್ನು ಶಿಫಾರಸು ಮಾಡುವಾಗಲೂ ಅವುಗಳಲ್ಲಿ ಎಷ್ಟು ಮಾಹಿತಿಯಿದೆ, ಎಂಥ ನೀತಿಯಿದೆ ಎಂಬ ಎರಡು ಅಳತೆಗೋಲುಗಳ ಆಚೆಗೆ ನಾವು ಹೋಗಿಲ್ಲ.

ಹೊರನಾಡಿನಲ್ಲಿ ಈ ಪ್ರಶ್ನೆಗೆ ಬೇರೆಯದೇ ಆದ ತುರ್ತು ಇದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಬೆಳೆಯುವ ಕನ್ನಡದ ಹುಡುಗ ಅಥವಾ ಹುಡುಗಿ ಮನೆಯಲ್ಲಿ ಕನ್ನಡವನ್ನು ಕೇಳಿಸಿಕೊಂಡು, ಬೀದಿಯಲ್ಲಿ ಮರಾಠಿಯನ್ನೋ ತಮಿಳನ್ನೋ ಹಿಂದಿಯನ್ನೋ ಆಡಿ, ತರಗತಿಯಲ್ಲಿ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ ಕಲಿಯುತ್ತಾರೆ. ಅವರ ಪಾಲಿಗೆ ಕನ್ನಡವು ಅಜ್ಜಿಯ ಭಾಷೆ, ಹಬ್ಬದ ಭಾಷೆ, ಸಂಘದ ವಾರ್ಷಿಕೋತ್ಸವದ ಭಾಷೆ. ಇಂಥವರಿಗೆ ಕತೆ ಕವಿತೆಗಳನ್ನು ಮಾತ್ರ ಓದಲು ಕೊಟ್ಟರೆ ಕನ್ನಡವು ಭಾವನೆಗೆ ಮೀಸಲಾದದ್ದೆಂಬ ಅವರ ಈಗಿನ ನಂಬಿಕೆಯನ್ನೇ ನಾವು ಗಟ್ಟಿಮಾಡಿದಂತಾಗುತ್ತದೆ. ಒಂದು ಗಿಡದ ಕಾಂಡದ ರಚನೆಯನ್ನು, ಒಂದು ಹಾಸ್ಟೆಲಿನ ಒಳಗಿನ ಅಧಿಕಾರದ ಸಂಬಂಧಗಳನ್ನು, ಒಂದು ಪರೀಕ್ಷೆಯ ಅನ್ಯಾಯವನ್ನು ಕನ್ನಡದಲ್ಲಿ ಯೋಚಿಸಬಹುದು ಎಂಬ ಅನುಭವ ಅವರಿಗೆ ಆಗುವುದು ಸೃಜನೇತರವೆಂದು ನಾವು ಬದಿಗಿಟ್ಟ ಗದ್ಯದಲ್ಲಿಯೇ.

ಆದುದರಿಂದ ವಾಚನಪಟ್ಟಿಯೆಂಬುದು ನಿರುಪದ್ರವಿಯಾದ ಒಂದು ಅನುಬಂಧವಲ್ಲ. ಅದು ಒಂದು ವಿಮರ್ಶಾ ನಿಲುವು. ವಿದ್ಯಾರ್ಥಿಗಳಿಗೂ ಶಿಕ್ಷಕ ವೃತ್ತಿಯಲ್ಲಿರುವವರಿಗೂ ಒಟ್ಟಿಗೆ ಸೂಚಿಸಬಹುದಾದ ಕೆಲವು ಕೃತಿಗಳನ್ನು ಆಯ್ದುಕೊಂಡು, ಅವುಗಳನ್ನು ಪರಸ್ಪರ ಎದುರುಬದುರಾಗಿ ನಿಲ್ಲಿಸಿದಾಗ ಏನು ಕಾಣುತ್ತದೆ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ. ನಮ್ಮ ವಾದವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಶಿಕ್ಷಣವನ್ನು ಕುರಿತ ನಮ್ಮ ಪಟ್ಟಿಗಳು ಬಹುತೇಕ ಗುರುಗಳು ಬರೆದ ಗದ್ಯದಿಂದ ತುಂಬಿವೆ. ಶಿಷ್ಯನ ಬೆಂಚಿನಿಂದ, ಅದರಲ್ಲಿಯೂ ಹಿಂದಿನ ಬೆಂಚಿನಿಂದ, ಹುಟ್ಟಿದ ಗದ್ಯವನ್ನು ಅದರ ಪಕ್ಕದಲ್ಲಿ ಇಡದ ಹೊರತು ಗುರುಗಳ ಗದ್ಯವನ್ನೂ ನಾವು ಸರಿಯಾಗಿ ಓದಲಾರೆವು.

ಮಾಹಿತಿಯ ಪ್ರಶ್ನೆಯನ್ನು ಮೊದಲು ಬಗೆಹರಿಸಿಕೊಳ್ಳಬಹುದು. ಶಿವರಾಮ ಕಾರಂತರು 1936ರಲ್ಲಿ 'ಬಾಲಪ್ರಪಂಚ'ದ ಮೂರು ಸಂಪುಟಗಳನ್ನು ತಂದರು. 1959ರಿಂದ ಮುಂದಿನ ಕೆಲವು ವರ್ಷಗಳಲ್ಲಿ 'ವಿಜ್ಞಾನ ಪ್ರಪಂಚ'ದ ನಾಲ್ಕು ಸಂಪುಟಗಳು ಬಂದವು. ಮಾಹಿತಿಯೇ ಮಾನದಂಡವಾದರೆ ಇವೆರಡನ್ನೂ ಇಂದು ಕಪಾಟಿನಿಂದ ಇಳಿಸಬೇಕಾಗುತ್ತದೆ. ಮನುಷ್ಯನು ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ, ಪ್ಲೂಟೋ ಗ್ರಹಗಳ ಸಾಲಿನಿಂದ ಹೊರಬಿದ್ದದ್ದು 2006ರಲ್ಲಿ. ಆದರೂ ಈ ಸಂಪುಟಗಳನ್ನು ಶಿಕ್ಷಕರು ಓದಬೇಕು ಎಂದು ನಾವು ಹೇಳುತ್ತೇವೆ. ಕಾಲೇಜನ್ನು ಅಸಹಕಾರ ಚಳವಳಿಯ ಕಾಲದಲ್ಲಿ ಅರ್ಧಕ್ಕೇ ಬಿಟ್ಟ ಒಬ್ಬ ವ್ಯಕ್ತಿ, ತಾನು ಯಾವ ವಿಷಯದಲ್ಲಿಯೂ ಪಂಡಿತನಲ್ಲವೆಂಬ ಅರಿವಿನಿಂದಲೇ, ಪ್ರತಿಯೊಂದನ್ನೂ ತಾನು ಮೊದಲು ಕಲಿತು ಅನಂತರ ಮಗುವಿಗೆ ಹೇಳಲು ಹೊರಟ ಸಾಹಸ ಅಲ್ಲಿದೆ. ವಿಜ್ಞಾನಕ್ಕೆ ಒಗ್ಗದ ಭಾಷೆಯೆಂದು ಕನ್ನಡವನ್ನು ಬದಿಗೆ ಸರಿಸುವುದು ಸುಲಭವಾಗಿದ್ದ ಕಾಲದಲ್ಲಿ, ವಾದ ಮಾಡದೆ, ವಾಕ್ಯಗಳನ್ನು ಬರೆದು ತೋರಿಸಿದರು. ಅವುಗಳಲ್ಲಿ ಕೆಲವು ತೊಡಕಾಗಿವೆ, ಕೆಲವು ಪಾರಿಭಾಷಿಕ ಪದಗಳು ನಿಲ್ಲಲಿಲ್ಲ. ಆ ತೊಡಕೇ ಅಧ್ಯಾಪಕನಿಗೆ ಪಾಠ: ವಿಷಯವು ಭಾಷೆಯೊಳಗೆ ಬರುವಾಗ ಎಲ್ಲಿ ಜಗ್ಗುತ್ತದೆ, ಎಲ್ಲಿ ಬಗ್ಗುತ್ತದೆ ಎಂಬುದು ಅಲ್ಲಿ ಕಾಣುತ್ತದೆ. ವಿದ್ಯಾರ್ಥಿಗೆ ಅವನ್ನು ಇಂದಿನ ಪುಸ್ತಕದ ಜೊತೆಗಿಟ್ಟು ಮಾತ್ರ ಕೊಡಬೇಕು.

ಗುರುವಿನ ಗದ್ಯದ ಅತ್ಯಂತ ಆಶಾವಾದಿ ಮಾದರಿಯೆಂದರೆ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'. 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದ ಈ ವಕೀಲರು 1930ರ ದಶಕದ ಆದಿಯಲ್ಲಿ ಗುಜರಾತಿಯಲ್ಲಿ ಬರೆದ ಈ ಪುಟ್ಟ ಪುಸ್ತಕ ಭಾರತದ ಹಲವು ಭಾಷೆಗಳಿಗೆ ಹೋಗಿದೆ. ಸರಕಾರಿ ಶಾಲೆಯ ನಾಲ್ಕನೆಯ ತರಗತಿಯನ್ನು ಒಂದು ವರ್ಷದ ಮಟ್ಟಿಗೆ ಪ್ರಯೋಗಕ್ಕೆಂದು ಪಡೆದ ಮಾಸ್ತರನೊಬ್ಬ ಕತೆ ಹೇಳುವುದರಿಂದ ಪಾಠ ಆರಂಭಿಸುತ್ತಾನೆ. ಜೊತೆಯ ಶಿಕ್ಷಕರು ನಗುತ್ತಾರೆ, ಶಿಕ್ಷಣಾಧಿಕಾರಿ ಅನುಮಾನದಿಂದ ನೋಡುತ್ತಾನೆ, ವರ್ಷದ ಕೊನೆಗೆ ಮಕ್ಕಳು ಬದಲಾಗಿರುತ್ತಾರೆ. ಇದು ಕಲ್ಪಿತ ನಿರೂಪಣೆಯಾದರೂ ಅದರ ಬೆನ್ನಿಗೆ ಭಾವನಗರದ ಪ್ರತ್ಯಕ್ಷ ಅನುಭವವಿದೆ, ಆದಕಾರಣ ಪ್ರಕಾರದ ಬಗೆಗೆ ಇಲ್ಲಿ ಹಟ ಹಿಡಿಯಬೇಕಾಗಿಲ್ಲ. ಹೊಸದಾಗಿ ವೃತ್ತಿಗೆ ಬಂದವರಿಗೆ ಈ ಪುಸ್ತಕ ಕೊಡುವಷ್ಟು ಧೈರ್ಯವನ್ನು ತರಬೇತಿ ಕಾಲೇಜುಗಳ ದಪ್ಪ ಗ್ರಂಥಗಳು ಕೊಡಲಾರವು. ಆದರೆ ಒಂದು ಅಂಶವನ್ನು ಗಮನಿಸಬೇಕು. ಇಲ್ಲಿ ಮಾತನಾಡುವವನು, ನೋಡುವವನು, ಅಳೆಯುವವನು ಮಾಸ್ತರನೇ. ಮಕ್ಕಳು ಅವನ ಪ್ರಯೋಗದ ಫಲವಾಗಿ ಅರಳುತ್ತಾರೆ. ಅರಳದೆ ಉಳಿದ ಹುಡುಗನಿಗೆ ಆ ವರ್ಷ ಹೇಗೆ ಕಂಡಿತು ಎಂಬುದು ಪುಸ್ತಕದ ಕಕ್ಷೆಯ ಹೊರಗಿದೆ.

ಹೊರನಾಡಿನ ಓದುಗರ ದೃಷ್ಟಿಯಿಂದ ಗುರುವಿನ ಗದ್ಯದ ನಿಜವಾದ ಶ್ರೇಷ್ಠ ಕೃತಿಯೆಂದರೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. 1978ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಈ ಪುಸ್ತಕವನ್ನು ಕನ್ನಡ ವಿಮರ್ಶೆ ಹಾಸ್ಯದ ಲೆಕ್ಕದಲ್ಲಿಯೋ ವಿಜ್ಞಾನ ಸಾಹಿತ್ಯದ ಲೆಕ್ಕದಲ್ಲಿಯೋ ಜಮೆ ಮಾಡಿ ಸುಮ್ಮನಾಗಿದೆ. ಅದು ಮೂಲತಃ ಕಲಿಸುವಿಕೆಯನ್ನು ಕುರಿತ ಪುಸ್ತಕವೆಂದು ನಮ್ಮ ಎಣಿಕೆ. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ, ಮುಂದೆ ಪ್ರಾಂಶುಪಾಲರಾಗಿ ಕೆಲಸ ಮಾಡಿದವರು. ವಿದ್ಯಾರ್ಥಿಗಳ ತಂಡವನ್ನು ಕರೆದುಕೊಂಡು ಪಶ್ಚಿಮ ಘಟ್ಟಗಳ ಕಾಡುಗಳಲ್ಲಿ ಅಲೆದ ಅಧ್ಯಯನ ಪ್ರವಾಸದ ಕಥನ ಇದು. ಗಿಡವೊಂದು ಎದುರಾಗುತ್ತದೆ. ಯಾರೋ ಒಬ್ಬರು ತಪ್ಪು ಹೆಸರು ಹೇಳುತ್ತಾರೆ, ಇನ್ನೊಬ್ಬರು ಕೀಟಲೆ ಮಾಡುತ್ತಾರೆ, ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಆ ಹರಟೆಯ ನಡುವೆಯೇ ಎಲೆಯ ಜೋಡಣೆ, ಹೂವಿನ ರಚನೆ, ಹೆಸರಿನ ವ್ಯುತ್ಪತ್ತಿ, ಔಷಧದ ಉಪಯೋಗ, ಹಳೆಯ ಗ್ರಂಥದ ಉಲ್ಲೇಖ ಒಂದೊಂದಾಗಿ ಬಂದು ಕೂರುತ್ತವೆ. ಲೇಖಕರೇ ಬರೆದ ರೇಖಾಚಿತ್ರಗಳು ಪಕ್ಕದಲ್ಲಿರುತ್ತವೆ. ಪುಟದ ಕೊನೆಗೆ ಬರುವಾಗ ಓದುಗನಿಗೆ ಒಂದು ಗಿಡ ಗೊತ್ತಾಗಿರುತ್ತದೆ, ಗೊತ್ತುಮಾಡಿಸಿದ ಗಳಿಗೆ ಯಾವುದೆಂದು ಮಾತ್ರ ತಿಳಿಯುವುದಿಲ್ಲ.

ಇದು ಬರವಣಿಗೆಯ ಚಮತ್ಕಾರ ಮಾತ್ರವಲ್ಲ, ಜ್ಞಾನದ ಬಗೆಗಿನ ಒಂದು ನಿಲುವು. ಸ್ವಾಮಿಯವರು ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿ ಅವರೊಡನೆ ಸಂಶೋಧನೆ ನಡೆಸಿದವರು. ಸಾರ್ಕಾಂಡ್ರ ಎಂಬ ಸಸ್ಯಕುಲದ ಕಾಂಡದಲ್ಲಿ, ಹೂಬಿಡುವ ಸಸ್ಯಗಳಲ್ಲಿ ಸಾಮಾನ್ಯವಾಗಿ ಇರುವ ನೀರ್ಗೊಳವೆಗಳು ಇಲ್ಲವೆಂಬುದನ್ನು ಇಬ್ಬರೂ ಸೇರಿ 1950ರಲ್ಲಿ ಪ್ರಕಟಿಸಿದರು. ಅದೇ ಕುಲದ ಒಂದು ಪ್ರಭೇದಕ್ಕೆ ಸ್ವಾಮಿಯವರು ತಮ್ಮ ಗುರುವಿನ ಹೆಸರನ್ನೇ ಇಟ್ಟು ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಕರೆದರು. ತಿಳಿವಳಿಕೆಯೆಂಬುದು ಯಾರೋ ಒಬ್ಬರಿಂದ ಇನ್ನೊಬ್ಬರಿಗೆ, ಕೈಯಿಂದ ಕೈಗೆ, ನಿರ್ದಿಷ್ಟ ಸ್ಥಳದಲ್ಲಿ ಹೋಗುವಂಥದು ಎಂಬ ಭಾವನೆ ಅವರ ವೈಜ್ಞಾನಿಕ ಬರಹಕ್ಕೂ ಕನ್ನಡ ಬರಹಕ್ಕೂ ಸಮಾನವಾಗಿದೆ. 'ಶಾಸನಗಳಲ್ಲಿ ಗಿಡಮರಗಳು' ಬರೆಯುವಾಗಲೂ, ಆಲೂಗಡ್ಡೆ, ಮೆಣಸಿನಕಾಯಿಗಳಂಥ ಪರದೇಶಿ ಬೆಳೆಗಳು ನಮ್ಮ ಅಡುಗೆಮನೆಗೆ ಬಂದ ಕತೆಯನ್ನು 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ'ದಲ್ಲಿ ಹೇಳುವಾಗಲೂ ಅವರು ಕೇಳುವ ಪ್ರಶ್ನೆ ಒಂದೇ: ಇದು ಎಲ್ಲಿಂದ, ಯಾವ ದಾರಿಯಾಗಿ ನಮ್ಮಲ್ಲಿಗೆ ಬಂತು?

ಚೆನ್ನೈಯ ಓದುಗರಿಗೆ ಇನ್ನೊಂದು ಸಂಗತಿ ತಟ್ಟನೆ ಹೊಳೆಯಬೇಕು. ತರಗತಿ ಮದರಾಸಿನದು. ಪಾಠ ನಡೆಯುತ್ತಿದ್ದುದು ಇಂಗ್ಲಿಷಿನಲ್ಲಿ, ಹುಡುಗರು ತಮ್ಮತಮ್ಮಲ್ಲಿ ಆಡುತ್ತಿದ್ದ ಮಾತು ಬಹುಪಾಲು ತಮಿಳು. ಪುಸ್ತಕದಲ್ಲಿ ಅದೆಲ್ಲವೂ ಕನ್ನಡವಾಗಿದೆ. ಅಂದರೆ ಕನ್ನಡವಿಲ್ಲದ ಒಂದು ತರಗತಿಯನ್ನು ಕನ್ನಡದಲ್ಲಿ ಕಟ್ಟಿಕೊಟ್ಟ ಕೃತಿ ಇದು. ಹೊರನಾಡಿನ ಕನ್ನಡವೆಂದರೆ ಊರಿನ ಹಂಬಲ ಎಂಬ ಸಮೀಕರಣ ಇಲ್ಲಿ ಮುರಿದುಬೀಳುತ್ತದೆ. (ಅವರ 'ತಮಿಳು ತಲೆಗಳ ನಡುವೆ'ಯನ್ನು ಇದೇ ಉಸಿರಿನಲ್ಲಿ ಶಿಫಾರಸು ಮಾಡಲು ನಾವು ಸಿದ್ಧರಿಲ್ಲ. ತಮಿಳಿನ ಪ್ರಾಚೀನತೆಯ ವಾದಗಳೊಡನೆ ನಡೆಸಿದ ಆ ಜಗಳದಲ್ಲಿ ಸಾಕ್ಷ್ಯಗಳ ಶಿಸ್ತಿನ ಜೊತೆಗೆ ಕೆಣಕುವ ಚಪಲವೂ ಇದೆ. ತಮಿಳು ವಿದ್ವಾಂಸರ ಉತ್ತರಗಳನ್ನು ಜೊತೆಗಿಟ್ಟುಕೊಂಡು ಸಂಶೋಧಕರು ಓದಲಿ, ಪದವಿ ತರಗತಿಗೆ ಅದು ಬೇಡ.)

ಇಷ್ಟು ಮೆಚ್ಚಿದ ಮೇಲೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ. 'ಹಸುರು ಹೊನ್ನಿ'ನ ನಗು ಯಾರ ನಗು? ಅದು ಸ್ಥಾನ ಭದ್ರವಾಗಿರುವವರ ನಗು. ಮೇಷ್ಟರು ಹುಡುಗರನ್ನು ಗೇಲಿ ಮಾಡುತ್ತಾರೆ, ಹುಡುಗರು ಮೇಷ್ಟರನ್ನು ಗೇಲಿ ಮಾಡಬಲ್ಲರು. ತರಗತಿಯಲ್ಲಿ ತಾನು ಇರಬಹುದೋ ಇಲ್ಲವೋ ಎಂಬ ಅನುಮಾನ ಅಲ್ಲಿ ಯಾರಿಗೂ ಇಲ್ಲ. ಅದನ್ನು ದೋಷವೆಂದು ನಾವು ಹೇಳುತ್ತಿಲ್ಲ. ಕಾಡಿನ ನಡುವೆ ಅಂಥದೊಂದು ಸಮಾನತೆಯನ್ನು ನಿರ್ಮಿಸಿದ್ದು ದೊಡ್ಡ ಮೇಷ್ಟರ ಲಕ್ಷಣವೇ. ಆದರೆ ಶಿಕ್ಷಣವೆಂದರೆ ಹೀಗೆಯೇ ಎಂದು ನಂಬಿಬಿಡುವ ಓದುಗನ ಕೈಗೆ ಕೂಡಲೇ ಇನ್ನೊಂದು ಪುಸ್ತಕವನ್ನು ಇಡಬೇಕಾಗುತ್ತದೆ.

ಆ ಪುಸ್ತಕ ಸಿದ್ಧಲಿಂಗಯ್ಯನವರ 'ಊರುಕೇರಿ'. 1990ರ ದಶಕದ ಉತ್ತರಾರ್ಧದಲ್ಲಿ ಅದರ ಮೊದಲ ಭಾಗ ಬಂದಾಗ ಓದುಗರನ್ನು ಬೆರಗುಗೊಳಿಸಿದ್ದು ಅದರ ನಗುವೇ. 1970ರ ದಶಕದಲ್ಲಿ ಸಿಟ್ಟಿನ ಕವಿಯೆಂದು ನಾಡಿಗೆ ಪರಿಚಿತರಾಗಿದ್ದವರು ತಮ್ಮ ಬಾಲ್ಯದ ಹಸಿವನ್ನೂ ಅವಮಾನವನ್ನೂ ತಮಾಷೆಯೆಂಬಂತೆ ಹೇಳುತ್ತ ಹೋದರು. ಆರಂಭದ ಪುಟಗಳಲ್ಲಿಯೇ ಒಂದು ದೃಶ್ಯವಿದೆ. ಎತ್ತುಗಳ ಬದಲಿಗೆ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟು ನೇಗಿಲೆಳೆಯುತ್ತಾರೆ. ಹುಡುಗನಿಗೆ ಅದೊಂದು ವಿಚಿತ್ರ ನೋಟ. ನೊಗ ಹೊತ್ತವರಲ್ಲಿ ಒಬ್ಬನು ತನ್ನ ತಂದೆ. ಲೇಖಕರು ಅಲ್ಲಿ ವ್ಯಾಖ್ಯಾನಕ್ಕೆ ನಿಲ್ಲುವುದಿಲ್ಲ, ಮುಂದಿನ ಪ್ರಸಂಗಕ್ಕೆ ಹೋಗಿಬಿಡುತ್ತಾರೆ. ಬೆಂಗಳೂರಿನ ಹಾಸ್ಟೆಲು, ಸ್ಮಶಾನದಲ್ಲಿ ಕುಳಿತು ಓದಿದ್ದು, ಭಾಷಣಗಳ ಹುಚ್ಚು, ಇವೆಲ್ಲವೂ ಅದೇ ಧಾಟಿಯಲ್ಲಿ ಬರುತ್ತವೆ. ಸ್ವಾಮಿಯವರಲ್ಲಿ ನಗು ಕಲಿಯುವುದಕ್ಕೆ ದಾರಿ ತೆರೆಯುವ ಉಪಾಯ. ಸಿದ್ಧಲಿಂಗಯ್ಯನವರಲ್ಲಿ ನಗು ಕಲಿಯಲಿಕ್ಕೆ ಅಲ್ಲಿ ಉಳಿದುಕೊಳ್ಳುವ ಉಪಾಯ. ಮೊದಲನೆಯದನ್ನು ಓದಿ ಎರಡನೆಯದನ್ನು ಓದಿದವನಿಗೆ ತರಗತಿಯೆಂಬ ಸ್ಥಳವೇ ಬೇರೆಯಾಗಿ ಕಾಣತೊಡಗುತ್ತದೆ. ಹಿಂದಕ್ಕೆ ತಿರುಗಿ ಮತ್ತೆ 'ಹಸುರು ಹೊನ್ನ'ನ್ನು ತೆರೆದರೆ, ಅಲ್ಲಿನ ಸಲಿಗೆ ತಾನಾಗಿ ಬಂದದ್ದಲ್ಲ, ಸಾಧಿಸಿಕೊಂಡದ್ದು ಎಂಬ ಅರಿವಾಗಿ ಆ ಪುಸ್ತಕದ ಬೆಲೆಯೂ ಹೆಚ್ಚುತ್ತದೆ.

ನಗುವಿನ ಈ ನೆಲೆಯನ್ನು ಒಪ್ಪದ ಪುಸ್ತಕವೂ ನಮ್ಮಲ್ಲಿದೆ. ಕನ್ನಡದ ಮೊದಲ ದಲಿತ ಆತ್ಮಕಥನವೆಂದು ಸಾಮಾನ್ಯವಾಗಿ ಗುರುತಿಸಲಾಗುವ ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' (1994) 'ಊರುಕೇರಿ'ಗಿಂತ ಮೊದಲೇ ಬಂದದ್ದು. ಮೀಸಲಾತಿಯ ಸೌಲಭ್ಯ ಪಡೆದ ದಲಿತರನ್ನು ಚುಚ್ಚಲು ಬಳಸುತ್ತಿದ್ದ ಅಣಕದ ಮಾತನ್ನೇ ಲೇಖಕರು ಶೀರ್ಷಿಕೆಯಾಗಿ ಎತ್ತಿಕೊಂಡಿದ್ದಾರೆ. ವಿಜಾಪುರ ಸೀಮೆಯ ಹಳ್ಳಿ, ಶಾಲೆ, ಹಾಸ್ಟೆಲು, ಕಾಲೇಜುಗಳ ಮೂಲಕ ಹಾದುಹೋಗುವ ಈ ಕಥನ ಒಂದು ಸುಸಂಬದ್ಧ ಜೀವನಚರಿತ್ರೆಯಾಗಿ ಬೆಳೆಯುವುದಿಲ್ಲ, ಬಿಡಿಬಿಡಿ ಪ್ರಸಂಗಗಳಾಗಿ ಉಳಿಯುತ್ತದೆ. ಇದನ್ನು ಕೃತಿಯ ಮಿತಿಯೆಂದು ಬಗೆಯುವವರಿದ್ದಾರೆ. ನಮಗೆ ಹಾಗೆನಿಸುವುದಿಲ್ಲ. ಬಡತನದಿಂದ ಪ್ರಾಧ್ಯಾಪಕತ್ವಕ್ಕೆ ಏರಿದ ಯಶೋಗಾಥೆಯಾಗಿ ಅದನ್ನು ಓದಿಬಿಡಲು ಆ ಒಡಕುತನ ಅವಕಾಶ ಕೊಡುವುದಿಲ್ಲ. ಶಿಕ್ಷಣ ಬಿಡುಗಡೆ ತಂದಿತು ಎಂಬ ಸಮಾಧಾನದ ವಾಕ್ಯವನ್ನು ಓದುಗ ಬಯಸುತ್ತಾನೆ. ಬಿಡುಗಡೆ ತರಬೇಕಾದ ಶಾಲೆಯ ಒಳಗೇ ಜಾತಿಯ ಗೆರೆಗಳು ಹೇಗೆ ಎಳೆಯಲ್ಪಟ್ಟಿದ್ದವು ಎಂಬುದನ್ನು ಪುಸ್ತಕ ಮತ್ತೆಮತ್ತೆ ಅವನೆದುರಿಗೆ ಇಡುತ್ತದೆ. ಸಿದ್ಧಲಿಂಗಯ್ಯನವರನ್ನು ಓದಿ ನಕ್ಕು ಹಗುರಾದ ಓದುಗನಿಗೆ ಇದು ಅಗತ್ಯವಾದ ಪಥ್ಯ.

ಭಾರತದ ಹೊರಗಿನ ಒಂದು ಉದಾಹರಣೆಯನ್ನು ಇಲ್ಲಿ ನೆನೆಯಬಹುದು. ಇಟಲಿಯ ಟಸ್ಕನಿಯ ಬೆಟ್ಟಗಳ ನಡುವಣ ಬಾರ್ಬಿಯಾನದಲ್ಲಿ ಪಾದ್ರಿ ಲೊರೆಂಜೊ ಮಿಲಾನಿ ನಡೆಸುತ್ತಿದ್ದ ಶಾಲೆಯ ಎಂಟು ಹುಡುಗರು 1967ರಲ್ಲಿ ತಮ್ಮನ್ನು ನಪಾಸು ಮಾಡಿದ ಶಿಕ್ಷಕಿಗೆ ಬರೆದ ದೀರ್ಘಪತ್ರವು ಪುಸ್ತಕವಾಗಿ ಪ್ರಕಟವಾಯಿತು. ನಪಾಸಾಗುವವರು ಯಾರ ಮಕ್ಕಳು ಎಂದು ಅವರು ಅಂಕಿಅಂಶಗಳನ್ನು ಕಲೆಹಾಕಿ ತೋರಿಸಿದರು. ಶಿಷ್ಯನ ಗದ್ಯವು ನೆನಪಿಗೆ ಸೀಮಿತವಾಗಬೇಕಿಲ್ಲ, ಸಂಶೋಧನೆಯೂ ಆಗಬಹುದು ಎಂಬುದಕ್ಕೆ ಇದು ಸಾಕ್ಷಿ. ಇಂಗ್ಲಿಷ್ ಅನುವಾದದ ಮೂಲಕವಾದರೂ ಶಿಕ್ಷಕರು ಇದನ್ನು ಓದುವುದು ಒಳಿತು. ಸಂಬಳ ಪಡೆಯುವ ನಮ್ಮಂಥವರಿಗೆ ಅದರ ಕೆಲವು ಪುಟಗಳು ಹಿತವಾಗಿರುವುದಿಲ್ಲ.

ಈ ಪುಸ್ತಕಗಳನ್ನು ಇಡಿಯಾಗಿ ಓದಿಸುವುದು ಸಾಧ್ಯವಿಲ್ಲ, ಆಯ್ದ ಭಾಗಗಳನ್ನು ಕೊಟ್ಟರೆ ಸಾಕು ಎಂಬ ಮಾತು ನಮ್ಮ ನಡುವೆ ಆಗಾಗ ಕೇಳಿಬರುತ್ತದೆ. ಹೊರನಾಡಿನ ವಿದ್ಯಾರ್ಥಿಯ ಓದಿನ ವೇಗವನ್ನು ಬಲ್ಲವರಿಗೆ ಇದು ಸುಳ್ಳೆನಿಸದು. ಆದರೆ ಆಯ್ಕೆಯೆಂಬುದು ಮುಗ್ಧವಾದ ಕೆಲಸವಲ್ಲ. 'ಹಸುರು ಹೊನ್ನಿ'ನಿಂದ ಹಾಸ್ಯಪ್ರಸಂಗವನ್ನು ಕತ್ತರಿಸಿ ಗಿಡವನ್ನು ಬಿಟ್ಟರೆ ಉಳಿಯುವುದು ಕಾಲೇಜು ಹರಟೆ. 'ಊರುಕೇರಿ'ಯಿಂದ ಹಾಸ್ಟೆಲಿನ ತಮಾಷೆಯನ್ನು ಮಾತ್ರ ತೆಗೆದುಕೊಂಡು ನೊಗದ ದೃಶ್ಯವನ್ನು ಕೈಬಿಟ್ಟರೆ, ಲೇಖಕರು ಯಾವುದನ್ನು ಸಹನೀಯಗೊಳಿಸಲು ನಕ್ಕರೋ ಅದನ್ನೇ ಅಳಿಸಿದಂತೆ. ಮಾಲಗತ್ತಿಯವರ ವಿಷಯದಲ್ಲಂತೂ ತರಗತಿಗೆ ಇರುಸುಮುರುಸಾಗದ ಭಾಗವನ್ನು ಹುಡುಕುವುದೆಂದರೆ ಪುಸ್ತಕವನ್ನು ಓದದಿರಲು ಕಂಡುಕೊಂಡ ಸಭ್ಯವಾದ ದಾರಿ. ಒಂದು ಸೆಮಿಸ್ಟರಿಗೆ ಎರಡೇ ಪುಸ್ತಕಗಳಾದರೂ ಚಿಂತೆಯಿಲ್ಲ, ಗುರುವಿನದೊಂದು ಶಿಷ್ಯನದೊಂದು ಇಡಿಯಾಗಿ ಇರಲಿ ಎಂಬುದು ನಮ್ಮ ಸೂಚನೆ. ಎಸ್.ಎಲ್. ಭೈರಪ್ಪನವರ 'ಭಿತ್ತಿ' (1996) ಈ ಎರಡೂ ನೆಲೆಗಳನ್ನು ಒಬ್ಬರ ಬದುಕಿನಲ್ಲಿಯೇ ಒಳಗೊಂಡಿದೆ ಎಂದು ಯಾರಾದರೂ ವಾದಿಸಬಹುದು. ಬಡ ವಿದ್ಯಾರ್ಥಿಯ ಕಷ್ಟಗಳಿಂದ ಗುಜರಾತ, ದೆಹಲಿಗಳ ಅಧ್ಯಾಪನದವರೆಗೆ ಅದರ ಹರವು ಇದೆ, ಹೊರನಾಡಿನವರಿಗೆ ಆಸಕ್ತಿಕರವೂ ಹೌದು. ಆದರೆ ಅಲ್ಲಿ ವಿದ್ಯಾರ್ಥಿಯಾಗಿದ್ದವನ ಅನುಭವವನ್ನು ಕೊನೆಗೂ ತೀರ್ಮಾನಿಸುವವರು ಗೆದ್ದುನಿಂತ ಲೇಖಕರೇ, ಆದ್ದರಿಂದ ಮಾಲಗತ್ತಿಯವರ ಸ್ಥಾನವನ್ನು ಅದು ತುಂಬಲಾರದು.

ಮೇಲಿನ ಚರ್ಚೆಯಲ್ಲಿ ಒಬ್ಬ ಹೆಣ್ಣುಮಗಳೂ ಲೇಖಕಿಯಾಗಿ ಬಂದಿಲ್ಲ ಎಂಬುದು ಓದುಗರ ಗಮನಕ್ಕೆ ಬಂದಿರಬಹುದು. ಇದು ಪ್ರಕಾರದ ಇತಿಹಾಸದ ಕೊರತೆಯಷ್ಟೇ ನಮ್ಮ ಪಟ್ಟಿಗಳ ಅಭ್ಯಾಸದ ಕೊರತೆಯೂ ಹೌದು. 2019ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿಜಯಾ ಅವರ 'ಕುದಿ ಎಸರು' ಮನೆಯೊಳಗಿನ ಹಿಂಸೆಯನ್ನು ದಾಟಿ ಪತ್ರಿಕೋದ್ಯಮದ ಜಗತ್ತಿಗೆ ಬಂದ ಹೆಣ್ಣಿನ ಆತ್ಮಕಥನ. ಅದನ್ನು ಮಹಿಳಾ ಸಾಹಿತ್ಯದ ಪತ್ರಿಕೆಗೆ ಸೇರಿಸಿ ಕೈತೊಳೆದುಕೊಳ್ಳುವ ಬದಲು ಶಿಕ್ಷಣದ ಕುರಿತ ಪುಸ್ತಕವಾಗಿಯೂ ಓದಬಹುದು. ಅಕ್ಷರ, ಅಚ್ಚು, ಪತ್ರಿಕೆ ಇವು ಶಾಲೆಯ ಗೋಡೆಯಾಚೆ ಒಬ್ಬಳಿಗೆ ಹೇಗೆ ಒದಗಿಬಂದವು ಎಂಬುದು ಶಿಕ್ಷಕರು ತಿಳಿಯಬೇಕಾದ ವಿಷಯವೇ.

ಕೊನೆಯದಾಗಿ ಭಾಷೆಯ ತೊಡಕಿನ ಬಗೆಗೆ ಒಂದು ಮಾತು. ಮಾಲಗತ್ತಿಯವರ ಉತ್ತರ ಕರ್ನಾಟಕದ ಆಡುನುಡಿ ಹೊರನಾಡಿನವರಿಗೆ ಅರ್ಥವಾಗದು ಎಂಬ ಆಕ್ಷೇಪವಿದೆ. ದೆಹಲಿಯ ತರಗತಿಯ ಮಟ್ಟಿಗೆ ಅದು ನಿಜವಿರಬಹುದು, ಅಲ್ಲಿ ಒಂದು ಪದಕೋಶದ ಅನುಬಂಧ ಬೇಕಾಗುತ್ತದೆ. ಆದರೆ ಮುಂಬಯಿ, ಪುಣೆ, ಸೊಲ್ಲಾಪುರಗಳ ಕನ್ನಡಿಗರಲ್ಲಿ ವಿಜಾಪುರ, ಕಲಬುರ್ಗಿ ಸೀಮೆಗಳಿಂದ ಕೂಲಿಗಾಗಿ ವಲಸೆ ಹೋದವರ ಮಕ್ಕಳು, ಮೊಮ್ಮಕ್ಕಳು ಬಹಳ ಮಂದಿ. ಪಠ್ಯಪುಸ್ತಕದ ಶಿಷ್ಟ ಕನ್ನಡದ ಎದುರಿಗೆ ತಮ್ಮ ಮನೆಮಾತು ಅಶುದ್ಧವೆಂದು ನಂಬಿ ಸುಮ್ಮನೆ ಕುಳಿತಿರುವವರು ಅವರೇ. ಅಂಥ ತರಗತಿಯಲ್ಲಿ 'ಗೌರ್ಮೆಂಟ್ ಬ್ರಾಹ್ಮಣ'ವನ್ನು ಗಟ್ಟಿಯಾಗಿ ಓದಿಸಿದರೆ ಮೈಸೂರು ಕಡೆಯ ಮೇಷ್ಟರು ಅರ್ಥ ಕೇಳಬೇಕಾದೀತು, ಹೇಳುವ ಸರದಿ ಹಿಂದಿನ ಬೆಂಚಿನದಾದೀತು.